ಓದುಗರ ಪ್ರಶ್ನೆ: ಲಿಂಕ್ ನಲವತ್ತು, ಓದು ಮಾತ್ರ ಸಾಗುತ್ತಿಲ್ಲ

ಹೋಂಸ್ಕೂಲಿಂಗ್ ಎಂದರೆ ಅಕ್ಷರ, ಮಗ್ಗಿ, ಕಥೆ ಓದಿಸುವುದು ಅಂತಲೇ ಹೆಚ್ಚಿನ ಪತ್ರಗಳು ಬರುತ್ತವೆ. ಈ ಸಲ ಹನ್ನೆರಡು ದಾಟಿದ ಮಕ್ಕಳಿರುವ ಮನೆಗಳ ಪತ್ರಗಳನ್ನು ಮಾತ್ರ ಎತ್ತಿಕೊಂಡಿದ್ದೇನೆ. ಹೊಸ ಓದುಗರಿಗೆ ಒಂದು ಮಾತು: ನಾನು ವಿಜ್ಞಾನದ ಟೀಚರ್ ಆಗಿದ್ದವಳು, ನನ್ನ ಇಬ್ಬರು ಮಕ್ಕಳೂ ಏಳನೇ ತರಗತಿಯಿಂದ ಮನೆಯಲ್ಲೇ ಓದಿದವರು. ಉತ್ತರಗಳಲ್ಲಿ ಗಣಿತ, ವಿಜ್ಞಾನದ ಕಡೆಗೆ ತೂಕ ಹೆಚ್ಚಾಗಿದ್ದರೆ ಅದೇ ಕಾರಣ.

ಪ್ರಶ್ನೆ: ಮೇಡಂ, ಮಗನಿಗೆ ಹದಿಮೂರು ತುಂಬಿತು. ಇಲ್ಲಿಯವರೆಗೆ ನಾನೇ ಕಲಿಸಿದೆ. ಈಗ ಬೀಜಗಣಿತ, ಭೌತವಿಜ್ಞಾನ ನನ್ನ ಕೈ ಮೀರಿವೆ. ಆನ್‌ಲೈನಿನಲ್ಲಿ ಚೆನ್ನಾಗಿ ಕಂಡದ್ದನ್ನೆಲ್ಲ ಸೇವ್ ಮಾಡುತ್ತ ಹೋಗಿ ನಲವತ್ತಕ್ಕೂ ಹೆಚ್ಚು ಲಿಂಕ್ ಆಗಿವೆ. ಅವನು ಒಂದೊಂದರಲ್ಲೂ ಎರಡು ವಿಡಿಯೊ ನೋಡಿ ಬೇಜಾರು ಅಂತ ಎದ್ದು ಹೋಗುತ್ತಾನೆ. ಎಲ್ಲಿಂದ ಶುರು ಮಾಡಲಿ?
– ಕೈಚೆಲ್ಲಿ ಕೂತ ತಾಯಿ

ಉತ್ತರ: ಮೊದಲು ಆ ಪಟ್ಟಿಯನ್ನು ಕಣ್ಣಿಂದ ಮರೆ ಮಾಡಿ. ಅಳಿಸಬೇಕೆಂದಿಲ್ಲ. ಆದರೆ ನಲವತ್ತು ಬಾಗಿಲು ತೆರೆದಿಟ್ಟರೆ ಯಾವ ಹುಡುಗನೂ ಒಂದು ಕೋಣೆಯಲ್ಲಿ ಕೂರುವುದಿಲ್ಲ. ದೊಡ್ಡ ಮಕ್ಕಳಿಗೆ ಸಾಮಗ್ರಿಯ ಬರ ಎಂಬುದೇ ಇಲ್ಲ ಈಗ. ಬರ ಇರುವುದು ಒಂದನ್ನು ಹಿಡಿದು ಕೊನೆ ಮುಟ್ಟಿಸುವುದಕ್ಕೆ. ಒಂದು ವಿಷಯಕ್ಕೆ ಒಂದೇ ಮುಖ್ಯ ದಾರಿ, ಮಿಕ್ಕಿದ್ದೆಲ್ಲ ಅಲ್ಲಲ್ಲಿ ಬೇಕಾದಾಗ ಎಂದು ಇವತ್ತೇ ತೀರ್ಮಾನಿಸಿ.

ಮುಖ್ಯ ದಾರಿ ಯಾವುದಾಗಬೇಕು ಎಂದು ಆರಿಸಲು ನನ್ನದೊಂದು ಪರೀಕ್ಷೆ ಇದೆ. ಪಾಠ ಶುರುವಾದ ಹತ್ತು ನಿಮಿಷದೊಳಗೆ ಮಗು ಪೆನ್ನು ಹಿಡಿಯುವಂತಾಯಿತೇ? ಮೇಷ್ಟ್ರು ಎಷ್ಟು ಚೆನ್ನಾಗಿ ಮಾತಾಡುತ್ತಾರೆ, ಚಿತ್ರ ಎಷ್ಟು ಅಂದವಾಗಿ ಕುಣಿಯುತ್ತದೆ ಎನ್ನುವುದು ಆಮೇಲಿನ ಮಾತು. ವಿಡಿಯೊ ನೋಡುವಾಗ ಎಲ್ಲವೂ ತಿಳಿದಂತೆ ಅನ್ನಿಸುತ್ತದೆ. ಖಾಲಿ ಹಾಳೆ ಮುಂದಿಟ್ಟಾಗಲೇ ನಿಜ ಗೊತ್ತಾಗುವುದು. ನಿಮ್ಮ ಮಗನಿಗೆ ಬೇಜಾರಾಗುತ್ತಿರುವುದೂ ಇದಕ್ಕೇ ಇರಬೇಕು. ಅವನಿಗೆ ಯಾರೂ ಕೆಲಸ ಕೊಟ್ಟಿಲ್ಲ.

ಗಣಿತಕ್ಕೆ ಖಾನ್ ಅಕಾಡೆಮಿಯಿಂದ ಶುರು ಮಾಡಿ. 2004ರಲ್ಲಿ ಸಲ್ಮಾನ್ ಖಾನ್ ಎಂಬುವರು ದೂರದಲ್ಲಿದ್ದ ಚಿಕ್ಕಪ್ಪನ ಮಗಳ ವರಸೆಯ ಹುಡುಗಿಗೆ ಲೆಕ್ಕ ಹೇಳಿಕೊಡಲು ಹೊರಟು, 2006ರಲ್ಲಿ ಯೂಟ್ಯೂಬ್‌ಗೆ ವಿಡಿಯೊ ಹಾಕತೊಡಗಿ, 2008ರಲ್ಲಿ ಲಾಭದ ಉದ್ದೇಶವಿಲ್ಲದ ಸಂಸ್ಥೆ ಮಾಡಿದರು. ವಿಡಿಯೊಗಳಿಂದ ಹೆಸರಾಯಿತು ನಿಜ, ಆದರೆ ನನ್ನ ಮಟ್ಟಿಗೆ ಅದರ ಜೀವಾಳ ಅಭ್ಯಾಸದ ಲೆಕ್ಕಗಳು. ಗಣಿತ ಕನ್ನಡದಲ್ಲೂ ಇದೆ. ಶುಲ್ಕವಿಲ್ಲ. ಪೋಷಕರಾಗಿ ಖಾತೆ ತೆರೆದರೆ ಅವನು ಏನು ಮಾಡಿದ, ಎಲ್ಲಿ ಎಡವಿದ ಎಂದು ನೋಡಬಹುದು.

ಆದರೆ ಒಂದನೇ ಪಾಠದಿಂದ ಹತ್ತಿಸಬೇಡಿ. ಪ್ರತಿ ಕೋರ್ಸಿನಲ್ಲೂ ಇಡೀ ಕೋರ್ಸಿನಿಂದ ಆಯ್ದ ಪ್ರಶ್ನೆಗಳ 'ಕೋರ್ಸ್ ಚಾಲೆಂಜ್' ಇರುತ್ತದೆ. ಅದನ್ನು ಮೊದಲೇ ಮಾಡಿಸಿ, ಅಂಕಕ್ಕಾಗಿ ಅಲ್ಲ ಅಂತ ಹೇಳಿಯೇ ಮಾಡಿಸಿ. ಬಗಲಲ್ಲಿ ಕೂತು ಅವನ ಹಾಳೆ ನೋಡಿ. ನನ್ನ ಮಗಳ ಹಾಳೆಯಲ್ಲಿ ಕಂಡದ್ದನ್ನು ಹೇಳುತ್ತೇನೆ. ಕಂಸ ಬಿಡಿಸುವುದು, ಎರಡು ಬದಿಯಿಂದ ಕಳೆಯುವುದು ಎಲ್ಲ ಸರಾಗ. 'ಎಕ್ಸ್‌ನ ಮೂರನೇ ಎರಡು ಭಾಗ 8, ಹಾಗಾದರೆ ಎಕ್ಸ್ ಎಷ್ಟು' ಎಂದಲ್ಲಿ ಪೆನ್ನು ನಿಂತಿತು. ಆಮೇಲೆ 8ನ್ನೇ 2/3ರಿಂದ ಗುಣಿಸಿ 16/3 ಎಂದು ಬರೆದಳು. ಉತ್ತರ 12. ಎರಡು ಭಾಗಕ್ಕೆ 8 ಆದರೆ ಒಂದು ಭಾಗಕ್ಕೆ 4, ಮೂರಕ್ಕೆ 12. ಬಾಯಲ್ಲಿ ಹೇಳಿದರೆ ತಕ್ಷಣ ಹೊಳೆಯಿತು, ಬರಹದಲ್ಲಿ ಹೊಳೆಯಲಿಲ್ಲ. ಅಲ್ಲಿ ಸಡಿಲವಾಗಿದ್ದದ್ದು ಬೀಜಗಣಿತವಲ್ಲ, ಎಷ್ಟೋ ವರ್ಷ ಹಿಂದಿನ ಭಿನ್ನರಾಶಿ. ಅದನ್ನು ಬಿಗಿ ಮಾಡದೆ ಬೀಜಗಣಿತದ ನೂರು ವಿಡಿಯೊ ತೋರಿಸಿದರೂ ನೀರಲ್ಲಿ ಹೋಮ.

ಹಿಂದಕ್ಕೆ ಕಳಿಸುವಾಗ ಸ್ವಲ್ಪ ನಾಜೂಕು ಬೇಕು. 'ಐದನೇ ತರಗತಿ' ಎಂದು ದೊಡ್ಡದಾಗಿ ಬರೆದಿರುವ ಪುಟವನ್ನು ಹದಿಮೂರರ ಹುಡುಗನ ಮುಂದೆ ತೆರೆದಿಟ್ಟರೆ ಅವನು ಅಲ್ಲೇ ಮುಚ್ಚುತ್ತಾನೆ. ತರಗತಿಯ ಪುಟ ಬೇಡ, ನೇರವಾಗಿ ಆ ಒಂದು ಅಭ್ಯಾಸದ ಲಿಂಕ್ ಕಳಿಸಿ.

ಖಾನ್‌ನಲ್ಲಿ ಒಂದು ಕೊರತೆ ಇದೆ. ಉತ್ತರ ಸರಿಯೋ ತಪ್ಪೋ ಅಂತ ಯಂತ್ರ ಹೇಳುತ್ತದೆ, ಹೇಗೆ ಯೋಚಿಸಿದೆ ಅಂತ ಕೇಳುವುದಿಲ್ಲ. ವಾರಕ್ಕೊಂದು ದಿನ ಕೇಂಬ್ರಿಜ್ ವಿಶ್ವವಿದ್ಯಾಲಯದ ಎನ್‌ರಿಚ್ ತಾಣದಿಂದ ಒಂದೇ ಒಂದು ಸಮಸ್ಯೆ ಕೊಡಿ. ಅಲ್ಲಿ ಮಕ್ಕಳು ಕಳಿಸಿದ ಪರಿಹಾರಗಳನ್ನೇ ಪ್ರಕಟಿಸುತ್ತಾರೆ. ಬೇರೆ ಹುಡುಗಿಯೊಬ್ಬಳು ಅದೇ ಲೆಕ್ಕವನ್ನು ಇನ್ನೊಂದು ದಾರಿಯಲ್ಲಿ ಬಿಡಿಸಿದ್ದನ್ನು ಓದುವುದು ಮನೆಯಲ್ಲಿ ಒಂಟಿಯಾಗಿ ಓದುವ ಮಗುವಿಗೆ ಎಷ್ಟು ದೊಡ್ಡ ಸಂಗಾತ ಎಂದು ನಿಮಗೇ ಕಾಣುತ್ತದೆ.

ಭೌತವಿಜ್ಞಾನಕ್ಕೆ ಓದುವ ಪುಸ್ತಕವೇ ಇರಲಿ, ವಿಡಿಯೊ ಬೇಡ. ಸಿಕೆ-12 ಎಂಬ ತಾಣದ ಪುಸ್ತಕಗಳು ಉಚಿತವಾಗಿ ಸಿಗುತ್ತವೆ. ಇನ್ನೆರಡು ವರ್ಷ ಕಳೆದ ಮೇಲೆ ರೈಸ್ ವಿಶ್ವವಿದ್ಯಾಲಯದ ಓಪನ್‌ಸ್ಟ್ಯಾಕ್ಸ್ ಪುಸ್ತಕಗಳನ್ನು ಇಳಿಸಿಕೊಳ್ಳಿ. 2012ರಲ್ಲಿ ಕಾಲೇಜು ಮಕ್ಕಳಿಗೆಂದು ಶುರುವಾದದ್ದು, ಪೂರಾ ಪಿಡಿಎಫ್ ಸಿಗುತ್ತದೆ, ನೆಟ್ ಇಲ್ಲದಾಗಲೂ ಓದಬಹುದು. ಹೈಸ್ಕೂಲಿನ ಭೌತವಿಜ್ಞಾನಕ್ಕೂ ಅವರದೊಂದು ಪುಸ್ತಕ ಇದೆ.

ಇನ್ನು ನಿಮ್ಮ ಕೈ ಮೀರಿದೆ ಅಂದಿರಿ. ಮೀರಲಿ ಬಿಡಿ. ಲೆಕ್ಕ ನಿಮಗೆ ಬರಬೇಕಾಗಿಲ್ಲ. ಸಂಜೆ ಕೂತು 'ಇವತ್ತಿನ ಒಂದು ಲೆಕ್ಕ ನನಗೆ ಅರ್ಥ ಮಾಡಿಸು' ಅನ್ನಿ, ಅರ್ಥವಾಗದಿದ್ದರೆ ಅರ್ಥವಾಗಲಿಲ್ಲ ಅನ್ನಿ. ಅವನು ಎಲ್ಲಿ ತಡವರಿಸುತ್ತಾನೋ ಮರುದಿನದ ಪಾಠ ಅಲ್ಲಿದೆ.

ಪ್ರಶ್ನೆ: ಹದಿನಾಲ್ಕರ ಮಗ ಪ್ರತಿಯೊಂದಕ್ಕೂ ಚಾಟ್‌ಬಾಟ್ ಕೇಳುತ್ತಾನೆ. ನಿಲ್ಲಿಸಬೇಕೇ?
– ಹೆಸರು ಬೇಡ

ಉತ್ತರ: ನಿಲ್ಲಿಸಿದರೆ ಕದ್ದು ಕೇಳುತ್ತಾನೆ. ಕ್ರಮ ಬದಲಿಸಿ. ಮೊದಲು ತಾನೇ ಒಂದು ಹಾಳೆ ಬರೆಯಬೇಕು, ಆ ಹಾಳೆಯನ್ನು ಅದಕ್ಕೆ ತೋರಿಸಿ 'ಉತ್ತರ ಹೇಳಬೇಡ, ಯಾವ ಸಾಲಿನಲ್ಲಿ ತಪ್ಪಿದ್ದೇನೆ ಅಷ್ಟು ಮಾತ್ರ ಹೇಳು' ಎನ್ನಬೇಕು. ಅದು ಹೇಳಿದ ಇಸವಿ, ಹೆಸರು, ಸೂತ್ರಗಳನ್ನು ಪುಸ್ತಕದಲ್ಲಿ ತಾಳೆ ನೋಡದೆ ನೋಟ್ಸಿಗೆ ಇಳಿಸಕೂಡದು, ಏಕೆಂದರೆ ತಪ್ಪನ್ನೂ ಅದು ಅಷ್ಟೇ ಧೈರ್ಯವಾಗಿ ಹೇಳುತ್ತದೆ. ಮತ್ತೆ ಇಂಥ ಬಹಳಷ್ಟು ಸೇವೆಗಳಿಗೆ ವಯಸ್ಸಿನ ಮಿತಿ ಇರುತ್ತದೆ. ನಿಯಮಗಳನ್ನು ನೀವೊಮ್ಮೆ ಓದಿ.

ಪ್ರಶ್ನೆ: ಇಬ್ಬರು ಮಕ್ಕಳು, 12 ಮತ್ತು 15. ಮನೆಯಲ್ಲಿ ಪ್ರಯೋಗಾಲಯ ಇಲ್ಲ. ಕಂಪ್ಯೂಟರಿನಲ್ಲಿ ಮಾಡುವ ಪ್ರಯೋಗಗಳಿಂದ ವಿಜ್ಞಾನ ಕಲಿತಂತಾಗುತ್ತದೆಯೇ? ನಮ್ಮ ಮನೆಯವರು 'ಅದು ವಿಡಿಯೊ ಗೇಮ್' ಎನ್ನುತ್ತಾರೆ.
– ಇಬ್ಬರ ನಡುವೆ ಸಿಕ್ಕಿಕೊಂಡವಳು

ಉತ್ತರ: ನಿಮ್ಮ ಮನೆಯವರ ಮಾತಿನಲ್ಲಿ ಅರ್ಧ ಸತ್ಯ ಇದೆ. ಸುಮ್ಮನೆ ಬಿಟ್ಟರೆ ಅದು ಗೇಮೇ.

ಕಂಪ್ಯೂಟರ್ ಪ್ರಯೋಗಗಳ ಫೆಟ್ ಎಂಬ ತಾಣ ನಿಮಗೆ ಗೊತ್ತಿರಬಹುದು. 2001ರಲ್ಲಿ ಭೌತವಿಜ್ಞಾನದ ನೊಬೆಲ್ ಪಡೆದವರಲ್ಲೊಬ್ಬರಾದ ಕಾರ್ಲ್ ವೀಮನ್ ಮರುವರ್ಷವೇ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಇದನ್ನು ಶುರು ಮಾಡಿದರು. ಪೂರಾ ಉಚಿತ. ಅದನ್ನು ಬಳಸುವುದಕ್ಕೆ ನನ್ನದು ಒಂದೇ ನಿಯಮ: ಕೈಯಲ್ಲಿ ಮಾಡಬಹುದಾದದ್ದನ್ನು ಮೊದಲು ಕೈಯಲ್ಲಿ ಮಾಡಬೇಕು, ಆಮೇಲೆ ಪರದೆ.

ಲೋಲಕವನ್ನೇ ತೆಗೆದುಕೊಳ್ಳಿ. ಒಂದು ಗಟ್ಟಿ ದಾರ, ತುದಿಗೆ ಕಬ್ಬಿಣದ ಒಂದು ನಟ್ಟು. ಕಟ್ಟಿದ ಜಾಗದಿಂದ ನಟ್ಟಿನ ನಡುಮಧ್ಯಕ್ಕೆ 25 ಸೆಂಟಿಮೀಟರ್. ಸ್ವಲ್ಪವೇ ಎಳೆದು ಬಿಟ್ಟು, ಹೋಗಿ ಬಂದದ್ದು ಒಂದು ಎಂದು 20 ಎಣಿಸಿ, ಆದ ಸಮಯವನ್ನು 20ರಿಂದ ಭಾಗಿಸಲಿ. ಹತ್ತಿರ ಹತ್ತಿರ ಒಂದು ಸೆಕೆಂಡ್ ಬರುತ್ತದೆ. ಈಗ ದಾರವನ್ನು ಒಂದು ಮೀಟರ್ ಮಾಡುವ ಮುಂಚೆ ಇಬ್ಬರಿಂದಲೂ ಊಹೆ ಬರೆಸಿಕೊಳ್ಳಿ. ಉದ್ದ ನಾಲ್ಕು ಪಟ್ಟು, ಸಮಯವೂ ನಾಲ್ಕು ಪಟ್ಟು ಅಂತ ಚಿಕ್ಕವನೋ ಚಿಕ್ಕವಳೋ ಬರೆದೇ ಬರೆಯುತ್ತಾರೆ. ಎಣಿಸಿದರೆ ಎರಡೇ ಸೆಕೆಂಡ್. ಒಂದರ ಬದಲು ಮೂರು ನಟ್ಟು ಕಟ್ಟಿ ತೂಕ ಹೆಚ್ಚಿಸಿದರೆ, ದಾರ ಅಷ್ಟೇ ಉದ್ದ ಇರುವವರೆಗೆ, ಏನೂ ಬದಲಾಗದು. ಇದಕ್ಕೆ ಮಾತ್ರ ದೊಡ್ಡವನೂ ಒಪ್ಪದೆ ಮತ್ತೆ ಎಣಿಸುತ್ತಾನೆ. ಎಣಿಸಲಿ, ವಿಜ್ಞಾನ ಎಂದರೆ ಆ ಹಟವೇ.

ಇಷ್ಟಾದ ಮೇಲೆ ಫೆಟ್‌ನ 'ಪೆಂಡುಲಮ್ ಲ್ಯಾಬ್' ತೆರೆಯಿರಿ. ಗುರುತ್ವವನ್ನು ಚಂದ್ರನದ್ದಕ್ಕೆ ಇಳಿಸಬಹುದು, ಗುರುಗ್ರಹದ್ದಕ್ಕೆ ಏರಿಸಬಹುದು. ಅದು ನಿಮ್ಮ ಮನೆಯ ದಾರದಿಂದ ಆಗದ ಕೆಲಸ. ಅಲ್ಲೇ 'ಪ್ಲಾನೆಟ್ ಎಕ್ಸ್' ಎಂದೊಂದು ಇದೆ, ಅದರ ಗುರುತ್ವ ಎಷ್ಟೆಂದು ಹೇಳುವುದಿಲ್ಲ. ಹದಿನೈದರವರು ಪರದೆಯ ಮೇಲಿನ ಸ್ಟಾಪ್‌ವಾಚ್ ಹಿಡಿದು, ಅಳತೆಪಟ್ಟಿ ಹಿಡಿದು, ಪುಸ್ತಕದ ಸೂತ್ರ ಹಾಕಿ ಅದನ್ನು ಕಂಡುಹಿಡಿಯಲಿ. ಇದನ್ನು ನೋಡಿದ ಮೇಲೂ ಮನೆಯವರು ಗೇಮ್ ಅಂದರೆ ಅವರಿಗೂ ಒಂದು ಹಾಳೆ ಪೆನ್ನು ಕೊಡಿ.

ಅಪಾಯದ ಕೆಲಸಗಳಿಗೂ ಪರದೆಯೇ ಲೇಸು. ವಿದ್ಯುತ್ ಮಂಡಲದ ಸಿಮ್ಯುಲೇಶನ್‌ನಲ್ಲಿ ಬ್ಯಾಟರಿಯ ಎರಡು ತುದಿಗೆ ನೇರ ತಂತಿ ಜೋಡಿಸಿದರೆ ಬೆಂಕಿ ಏಳುತ್ತದೆ. ಅಲ್ಲಿ ಏಳಲಿ. ರಸಾಯನವಿಜ್ಞಾನದಲ್ಲಿ ವಾಸನೆ, ಬಿಸಿ, ತಳಕ್ಕೆ ಕೂರುವ ಪುಡಿ ಇವನ್ನೆಲ್ಲ ಯಾವ ಪರದೆಯೂ ಕೊಡದು. ದೊಡ್ಡವರು ಮುಂದೆ ಬೋರ್ಡ್ ಪರೀಕ್ಷೆ ಕಟ್ಟುವವರಾದರೆ ಪ್ರಾಕ್ಟಿಕಲ್ ಎಲ್ಲಿ, ಹೇಗೆ ಎಂದು ಆ ಬೋರ್ಡನ್ನು ಮೊದಲೇ ವಿಚಾರಿಸಿ ಇಡಿ. ಕೊನೆ ಗಳಿಗೆಯಲ್ಲಿ ಓಡಾಡುವ ಕೆಲಸ ಅದಲ್ಲ.

ಪ್ರಶ್ನೆ: ನನ್ನ ಮಗ ಕೋಡಿಂಗ್ ಬಿಟ್ಟು ಬೇರೆ ಮಾತೇ ಆಡುವುದಿಲ್ಲ. ಮಕ್ಕಳ ಕೋಡಿಂಗ್ ಭಾಷೆ ಸ್ಕ್ರಾಚ್ ಮುಗಿಸಿದ. ಮುಂದೇನು? ಸರ್ಟಿಫಿಕೇಟ್ ಸಿಗುವ ಕೋರ್ಸೇ ಒಳ್ಳೆಯದಲ್ಲವೇ? ಮುಂದೆ ಕಾಲೇಜಿಗೆ ಆಗುತ್ತದೆ.
– ತಂದೆ

ಉತ್ತರ: ಹಾರ್ವರ್ಡ್ ವಿಶ್ವವಿದ್ಯಾಲಯದ ಸಿಎಸ್50 ಎಂಬ ಆನ್‌ಲೈನ್ ಕಂಪ್ಯೂಟರ್ ಕೋರ್ಸ್ ಕೊಡಿ. ಮೊದಲ ವಾರ ಅವನಿಗೆ ಗೊತ್ತಿರುವ ಸ್ಕ್ರಾಚ್‌ನಲ್ಲೇ ಶುರುವಾಗುತ್ತದೆ, ಹಾಗಾಗಿ ಎದೆ ಉಬ್ಬಿಸಿ ಕೂರುತ್ತಾನೆ. ಎರಡನೇ ವಾರಕ್ಕೆ ಸಿ ಭಾಷೆ. ಏರು ಕಡಿದು. ಅಲ್ಲಿ ಅವನು ಮುಖ ಸಣ್ಣ ಮಾಡಿದರೆ ಬೈಯಬೇಡಿ, ಅದೇ ತಂಡದ ಪೈಥಾನ್ ಕೋರ್ಸಿಗೆ ದಾಟಿಸಿ. ಕೊಟ್ಟ ಕೆಲಸವನ್ನು ಬರೆದು ಕಳಿಸಿದರೆ ಸರಿಯೇ ತಪ್ಪೇ ಅಂತ ತಾನೇ ಪರೀಕ್ಷಿಸುವ ವ್ಯವಸ್ಥೆ ಅವರಲ್ಲಿದೆ. ನನ್ನ ಪೆನ್ನಿನ ಪರೀಕ್ಷೆಯಲ್ಲಿ ಇದು ಪಾಸು.

ಜೊತೆಗೆ 2001ರಿಂದ ಇರುವ ಪ್ರಾಜೆಕ್ಟ್ ಆಯ್ಲರ್ ತಾಣ ನೋಡಲಿ. ನೋಡಲು ತೀರಾ ಸಪ್ಪೆ. ಪ್ರಶ್ನೆ, ಕೆಳಗೆ ಉತ್ತರದ ಅಂಕಿ ಹಾಕುವ ಪೆಟ್ಟಿಗೆ. ಮೊದಲ ಪ್ರಶ್ನೆ ಇದು: 1000ಕ್ಕಿಂತ ಕಡಿಮೆ ಇರುವ, 3ರಿಂದ ಇಲ್ಲವೇ 5ರಿಂದ ಭಾಗವಾಗುವ ಎಲ್ಲ ಸಂಖ್ಯೆಗಳ ಮೊತ್ತ ಎಷ್ಟು? ನನ್ನ ಮಗ ಮೂರರ ಸಾಲಿನ ಮೊತ್ತ 1,66,833, ಐದರ ಸಾಲಿನದ್ದು 99,500 ಎಂದು ಬೇರೆ ಬೇರೆ ತೆಗೆದು ಕೂಡಿಸಿ 2,66,333 ಹಾಕಿದ. ತಪ್ಪು ಎಂದು ಬಂತು. ಪ್ರೋಗ್ರಾಮಿನಲ್ಲಿ ದೋಷ ಹುಡುಕಿದ, ಸಿಗಲಿಲ್ಲ. ದೋಷ ಇದ್ದದ್ದು ಯೋಚನೆಯಲ್ಲಿ: 15, 30, 45 ಇವೆಲ್ಲ ಎರಡೂ ಸಾಲಿನಲ್ಲಿ ಬಂದು ಎರಡು ಸಲ ಕೂಡಿಕೊಂಡಿದ್ದವು. ಹದಿನೈದರ ಸಾಲಿನ 33,165 ಕಳೆದ ಮೇಲೆ ಪೆಟ್ಟಿಗೆ ಒಪ್ಪಿತು. ಗಣಿತ ಬೇಡ ಕೋಡಿಂಗ್ ಸಾಕು ಎನ್ನುವ ಹುಡುಗನಿಗೆ ಇದಕ್ಕಿಂತ ಒಳ್ಳೆಯ ಪಾಠ ನಾನು ಕಂಡಿಲ್ಲ.

ಸರ್ಟಿಫಿಕೇಟ್ ವಿಷಯ. ಸಿಎಸ್50ಗೆ ಅದೂ ಉಚಿತವಾಗಿ ಸಿಗುತ್ತದೆ. ಗುರುತು ಪರಿಶೀಲಿಸಿ ಕೊಡುವ, ಎಡ್‌ಎಕ್ಸ್ ಎಂಬ ಕೋರ್ಸ್ ತಾಣದ ಸರ್ಟಿಫಿಕೇಟಿಗೆ ಮಾತ್ರ ಹಣ. ಸಿಕ್ಕರೆ ಇಟ್ಟುಕೊಳ್ಳಿ, ಆದರೆ ಅದಕ್ಕಾಗಿ ಕೋರ್ಸ್ ಆರಿಸಬೇಡಿ. ಅದು ಬೋರ್ಡ್ ಪರೀಕ್ಷೆಯ ಅಂಕಪಟ್ಟಿಗೆ ಬದಲಿ ಅಲ್ಲ. ಅವನೇ ಬರೆದು, ಓಡಿಸಿ ತೋರಿಸಬಲ್ಲ ಒಂದು ಪ್ರೋಗ್ರಾಮನ್ನು ಜೋಪಾನ ಮಾಡಿ.

ಪ್ರಶ್ನೆ: ಮೇಡಂ, ನನಗೆ 15 ವರ್ಷ. ಮನೆಯಲ್ಲೇ ಓದುತ್ತಿದ್ದೇನೆ. ನನಗೆ ಖಗೋಳವಿಜ್ಞಾನ ಅಂದರೆ ಪ್ರಾಣ. ಅಪ್ಪ 'ಅದೆಲ್ಲ ಟೈಂಪಾಸ್, ಮೊದಲು ಗಣಿತ ಮಾಡು' ಅನ್ನುತ್ತಾರೆ. ನನ್ನ ಹತ್ತಿರ ದುರ್ಬೀನು ಇಲ್ಲ. ವಿಡಿಯೊ ನೋಡುವುದು ಬಿಟ್ಟು ನಿಜವಾಗಿ ಏನಾದರೂ ಮಾಡುವುದು ಇದೆಯಾ?
– ಆಕಾಶದ ಹುಚ್ಚಿನವಳು

ಉತ್ತರ: ಈ ಸಲದ ಪತ್ರಗಳಲ್ಲಿ ನನಗೆ ಬಹಳ ಖುಷಿ ಕೊಟ್ಟದ್ದು ನಿನ್ನದು ಕಣಮ್ಮ. ವಿಡಿಯೊ ಸಾಲದು ಎಂದು ನಿನಗೇ ಅನ್ನಿಸಿದೆ, ಅಲ್ಲಿಗೆ ಅರ್ಧ ಕೆಲಸ ಆಯಿತು.

ಜೂನಿವರ್ಸ್ ಎಂಬ ತಾಣಕ್ಕೆ ಹೋಗು. 2007ರಲ್ಲಿ 'ಗ್ಯಾಲಕ್ಸಿ ಜೂ' ಎಂದು ಶುರುವಾಯಿತು. ದೂರದರ್ಶಕಗಳು ತೆಗೆದ ಲಕ್ಷಾಂತರ ಗ್ಯಾಲಕ್ಸಿಗಳ ಚಿತ್ರ ವಿಜ್ಞಾನಿಗಳ ಬಳಿ ಇತ್ತು, ಕೂತು ನೋಡಲು ಕಣ್ಣು ಸಾಲದು. ಸಾಮಾನ್ಯ ಜನರನ್ನೇ ಕೇಳಿದರು: ಇದು ಸುರುಳಿಯೋ, ಉರುಟೋ ಹೇಳಿ ಅಂತ. ಹಾನಿ ವಾನ್ ಆರ್ಕೆಲ್ ಎಂಬ ಡಚ್ ಶಾಲಾ ಶಿಕ್ಷಕಿ ಹಾಗೆ ನೋಡುತ್ತಿದ್ದಾಗ ಒಂದು ಗ್ಯಾಲಕ್ಸಿಯ ಪಕ್ಕದಲ್ಲಿ ವಿಚಿತ್ರ ಮಸುಕು ಕಂಡರು. ಕೇಳಿದ ಪಟ್ಟಿಯಲ್ಲಿ ಅದಕ್ಕೆ ಗುಂಡಿಯೇ ಇರಲಿಲ್ಲ. ಸುಮ್ಮನೆ ಮುಂದೆ ಹೋಗದೆ 'ಇದೇನು?' ಎಂದು ಕೇಳಿದರು. ಹಿಂದೊಮ್ಮೆ ಪ್ರಜ್ವಲಿಸುತ್ತಿದ್ದ ಗ್ಯಾಲಕ್ಸಿ ಕೇಂದ್ರವೊಂದರ ಬೆಳಕು ತಾಗಿ ಹೊಳೆಯುತ್ತಿರುವ ಅನಿಲದ ಮೋಡ ಅದು ಎಂದು ಖಗೋಳವಿಜ್ಞಾನಿಗಳು ಆಮೇಲೆ ವಿವರಿಸಿದರು. ಅದಕ್ಕೆ ಈಗ ಆಕೆಯ ಹೆಸರೇ ಇದೆ. ನೀನು ಅಲ್ಲಿ ಮಾಡುವ ವರ್ಗೀಕರಣವೂ ನಿಜವಾದ ದತ್ತಾಂಶಕ್ಕೇ ಸೇರುತ್ತದೆ.

ಈಗ ಅಪ್ಪನ ವಿಷಯಕ್ಕೆ ಬರೋಣ. ಅವರೊಂದಿಗೆ ವಾದ ಮಾಡಬೇಡ, ಗಣಿತವನ್ನೇ ತೋರಿಸು. ಪರದೆಯ ಮೇಲೆ ಆಕಾಶ ತೋರಿಸುವ ಸ್ಟೆಲೇರಿಯಂ ಎಂಬ ಉಚಿತ ತಂತ್ರಾಂಶ ಹಾಕಿಕೊ. ಅದರಲ್ಲಿ ತಾರೀಖು, ಊರು ನೀನೇ ಹೊಂದಿಸಬಹುದು. ಊರು ಇಟಲಿಯ ಪಾಡುವಾ, ತಾರೀಖು 1610ರ ಜನವರಿ 7 ಎಂದು ಹಾಕು, ರಾತ್ರಿ. ಗುರುಗ್ರಹವನ್ನು ಹುಡುಕಿ ಹತ್ತಿರ ಎಳೆ. ಗೆಲಿಲಿಯೊ ಅಂದು ದುರ್ಬೀನಿನಲ್ಲಿ ಗುರುವಿನ ಪಕ್ಕ ಕಂಡ ಚಿಕ್ಕ ಚುಕ್ಕಿಗಳು, ಅಂದರೆ ಗುರುವನ್ನು ಸುತ್ತುವ ಚಂದ್ರರು, ನಿನಗೂ ಕಾಣುತ್ತವೆ. ಅವನಿಗೆ ಆ ರಾತ್ರಿ ಮೂರೇ ಕಂಡವು, ನಾಲ್ಕನೆಯದು ಕೆಲವು ದಿನ ಬಿಟ್ಟು. ಒಂದೊಂದೇ ರಾತ್ರಿ ಮುಂದಕ್ಕೆ ಸರಿಸುತ್ತ ಗುರುವಿನಿಂದ ಪ್ರತಿ ಚುಕ್ಕಿ ಎಷ್ಟು ದೂರ, ಎಡಕ್ಕೋ ಬಲಕ್ಕೋ ಎಂದು ನೋಟ್‌ಬುಕ್ಕಿನಲ್ಲಿ ಬರೆ. ಅವುಗಳಲ್ಲಿ ಅಯೊ ಎಂಬುದು ಬಲು ಚುರುಕು, ಅದಕ್ಕೆ ರಾತ್ರಿಗೊಮ್ಮೆ ಸಾಲದು, ಗಂಟೆ ಗಂಟೆ ಸರಿಸಬೇಕು. ಬರೆದದ್ದನ್ನು ಗ್ರಾಫ್ ಹಾಳೆಗೆ ಏರಿಸಿದರೆ ಅಲೆ ಅಲೆಯಾಗಿ ಬರುತ್ತದೆ, ಅದೇ ತ್ರಿಕೋನಮಿತಿಯ ಸೈನ್ ವಕ್ರ. ಅಲೆಯ ಉದ್ದದಿಂದ ಸುತ್ತುವ ಕಾಲ ಸಿಗುತ್ತದೆ, ಎತ್ತರದಿಂದ ದೂರ.

ನಿನ್ನ ಅಳತೆ ಸರಿಯಾಗಿದ್ದರೆ ಅಯೊ ಸುಮಾರು 1.77 ದಿನಕ್ಕೆ, ಕ್ಯಾಲಿಸ್ಟೊ ಸುಮಾರು 16.7 ದಿನಕ್ಕೆ ಒಂದು ಸುತ್ತು ಹಾಕುತ್ತವೆ ಎಂದು ಬರಬೇಕು. ಸುತ್ತುವ ಕಾಲದಲ್ಲಿ ಕ್ಯಾಲಿಸ್ಟೊ ಅಯೊಗಿಂತ 9.43 ಪಟ್ಟು, ದೂರದಲ್ಲಿ 4.46 ಪಟ್ಟು. ಮೊದಲಿನದ್ದರ ವರ್ಗ ಮಾಡು, ಎರಡನೆಯದರ ಘನ ಮಾಡು. ಎರಡೂ 89ರ ಹತ್ತಿರ ಬಂದು ನಿಲ್ಲುತ್ತವೆ. ಇದು ಕೆಪ್ಲರನ ಮೂರನೇ ನಿಯಮ. ಆ ಗ್ರಾಫ್ ಹಾಳೆಯನ್ನು ಅಪ್ಪನ ಮುಂದಿಟ್ಟು 'ಗಣಿತ ಮಾಡಿದೆ, ನೋಡಿ' ಅನ್ನು.

ಓದಬೇಕು ಅನ್ನಿಸಿದರೆ ಓಪನ್‌ಸ್ಟ್ಯಾಕ್ಸ್‌ನ ಖಗೋಳವಿಜ್ಞಾನದ ಪುಸ್ತಕ ಇದೆ, ಉಚಿತ. ಕಾಲೇಜಿನ ಮಟ್ಟದ್ದಾದರೂ ಲೆಕ್ಕ ಕಡಿಮೆ, ನಿನಗೆ ಓದಿಸಿಕೊಳ್ಳುತ್ತದೆ. ಮುಂದಿನ ಪತ್ರದಲ್ಲಿ ಉಳಿದೆರಡು ಚಂದ್ರರಾದ ಯೂರೋಪಾ ಮತ್ತು ಗ್ಯಾನಿಮೀಡ್‌ಗೆ ಎಷ್ಟು ಬಂತು ಬರೆ, ನಾನು ತಾಳೆ ನೋಡಿ ಹೇಳುತ್ತೇನೆ.

ಪ್ರಶ್ನೆ: ಇಂಗ್ಲಿಷ್ ಓದುತ್ತಾಳೆ, ಉಚ್ಚಾರಣೆಗೆ ಹೆದರುತ್ತಾಳೆ. ವಯಸ್ಸು 14.
– ಅಜ್ಜಿ

ಉತ್ತರ: ಲಿಬ್ರಿವಾಕ್ಸ್‌ನಲ್ಲಿ ಹಕ್ಕುಸ್ವಾಮ್ಯ ಮುಗಿದ ಹಳೆಯ ಪುಸ್ತಕಗಳನ್ನು ಸ್ವಯಂಸೇವಕರು ಓದಿ ಧ್ವನಿಮುದ್ರಿಸಿದ್ದಾರೆ. ಅವೇ ಪುಸ್ತಕಗಳ ಬರಹ ಹೆಚ್ಚಾಗಿ ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲಿ ಸಿಗುತ್ತದೆ. ಕಿವಿಗೆ ಒಂದು, ಕಣ್ಣಿಗೆ ಒಂದು ಇಟ್ಟುಕೊಂಡು ದಿನಕ್ಕೊಂದು ಪುಟ ಜೊತೆಜೊತೆಗೆ ಓದಲಿ. ಓದುವವರು ಬೇರೆ ಬೇರೆ ದೇಶದವರು, ಉಚ್ಚಾರಣೆಯೂ ಹಲವು ಬಗೆ. ಅವಳ ಹೆದರಿಕೆಗೆ ಅದೇ ಒಳ್ಳೆಯ ಮದ್ದು, ಅಜ್ಜಿ. ನೀವೂ ಪಕ್ಕದಲ್ಲಿ ಕೂತು ಕೇಳಿ.

ಪ್ರಶ್ನೆ: ಒಂದು ಕಲಿಕಾ ಆ್ಯಪ್‌ನವರು ಮನೆಗೇ ಬಂದು ಮಗಳಿಗೆ ಟೆಸ್ಟ್ ಕೊಟ್ಟರು, 'ತುಂಬಾ ಹಿಂದಿದ್ದಾಳೆ' ಎಂದರು. ಮೂರು ವರ್ಷದ ಹಣ ಈಗಲೇ ಕಟ್ಟಿದರೆ ಅರ್ಧಕ್ಕರ್ಧ ರಿಯಾಯಿತಿಯಂತೆ, ಇವತ್ತೇ ಕೊನೆ ದಿನವಂತೆ. ಕಟ್ಟಲೇ?
– ಗಾಬರಿಯಾದ ಅಮ್ಮ

ಉತ್ತರ: ಕಟ್ಟಬೇಡಿ. ಮಾರಲು ಬಂದವರ ಟೆಸ್ಟಿನಲ್ಲಿ ಯಾರ ಮಗುವೂ ಮುಂದಿರುವುದಿಲ್ಲ. ದುಡ್ಡು ಕೊಡುವ ಸಾಮಗ್ರಿಯೆಲ್ಲ ಕೆಟ್ಟದ್ದು ಎಂದು ನಾನು ಹೇಳುವವಳಲ್ಲ. ಬರೆದದ್ದನ್ನು ಒಬ್ಬ ಮನುಷ್ಯ ಓದಿ ತಿದ್ದಿ ಕಳಿಸುತ್ತಾರೆ ಎಂದರೆ ಅದಕ್ಕೆ ಹಣ ಕೊಡಬಹುದು, ಏಕೆಂದರೆ ಉಚಿತವಾಗಿ ಸಿಗದೆ ಇರುವುದು ಅದೊಂದೇ. ರೆಕಾರ್ಡ್ ಆದ ವಿಡಿಯೊಗೆ ಕೊಡುವ ಅಗತ್ಯ ನನಗೆ ಕಾಣದು. ಅವರು ಮತ್ತೆ ಫೋನ್ ಮಾಡಿದರೆ ಎರಡು ವಿಷಯ ಕೇಳಿ: ಮಗಳ ಹಾಳೆಯನ್ನು ನೋಡುವವರು ಯಾರು, ಮತ್ತು ಒಂದು ತಿಂಗಳಿಗಷ್ಟೇ ಹಣ ಕಟ್ಟಿ ಬೇಡವಾದರೆ ಬಿಡಬಹುದೇ. ಸಾಲ ಅಥವಾ ಕಂತಿನ ಕಾಗದಕ್ಕೆ ಸಹಿ ಕೇಳಿದರಂತೂ ಅಲ್ಲೇ ಫೋನ್ ಇಡಿ.